ಹೊಕ್ಕಳಬಳ್ಳಿಯ ಪ್ರಶ್ನೆ

ಬೇಸಿಗೆ ಬಂತೆಂದರೆ ನನ್ನ ಹೆಂಡತಿ ರಾಮವ್ವ ಮನೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನಮ್ಮನಿಯವರು ಪಗಾರ ತಗೊಳ್ಳೋದು ಬಸ್ಸಿನ್ಯಾಗ, ನೌಕರಿ ಮಾಡೋದು ಗೀಗೀ ಮೇಳದಾಗ." ಸುಳ್ಳೇನಲ್ಲ. ನಾನು ಕಂಡಕ್ಟರ್. ನನ್ನ ಬಸ್ಸು ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಹಾಯ್ದು ಸಂಜೆಗೆ ನಾಲತವಾಡ ಮುಟ್ಟುತ್ತಿತ್ತು. ರಾತ್ರಿ ಅಲ್ಲೇ ವಸ್ತಿ. ಮರುದಿನ ಅದೇ ದಾರಿಯಲ್ಲಿ ವಾಪಸ್. ನಾಲ್ಕು ತಾಲೂಕಿನಲ್ಲಿ ಯಾವ ಊರಲ್ಲಿ ಯಾರ ಹಾಡಕಿ ಇದೆ ಅನ್ನುವುದು ಪೋಸ್ಟ್‌ಮನ್‌ಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಡ್ಯೂಟಿ ಅದಲುಬದಲು ಮಾಡಿಕೊಂಡು, ಜ್ವರ ಬಂತೆಂದು ಹೇಳಿ, ಇಲ್ಲದ ಅತ್ತೆಯನ್ನು ಎರಡು ಸಲ ಸಾಯಿಸಿ ನಾನು ಹಾಡು ಕೇಳಿದ್ದೇನೆ.

ಯುಗಾದಿ ಮರುದಿನ ನಾನೊಂದು ಪಟ್ಟಿ ಬರೆಯುತ್ತಿದ್ದೆ. ಆ ಬೇಸಿಗೆಯಲ್ಲಿ ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು ಅಂತ. ಎಪ್ಪತ್ತೈದನೇ ಇಸ್ವಿಯ ಪಟ್ಟಿ ನನಗೆ ಇನ್ನೂ ಬಾಯಿಪಾಠ ಇದೆ. ಇಂಡಿ ಕಡೆಯ ಡೊಳ್ಳಿನ ಹಾಡಿಗೆ ಮೊದಲ ದಿನವೇ ಹೋಗಬೇಕು, ಯಾಕೆಂದರೆ ಎರಡನೇ ದಿನಕ್ಕೆ ಮುಂದೆ ನಿಂತು ಹಾಡುವ ಮುದುಕನ ಗಂಟಲು ಬೀಳುತ್ತದೆ, ಶಿಷ್ಯರು ಬರೀ ಒದರುತ್ತಾರೆ. ಬಾಗೇವಾಡಿ ಹತ್ತಿರದ ಒಂದು ಭಜನಾ ಮೇಳಕ್ಕೆ ಕಾಟು ಹಾಕಿದ್ದೆ. ಅವರು ಹೊಸ ಹಾರ್ಮೋನಿಯಂ ತಂದ ಮೇಲೆ ಪೆಟ್ಟಿಗೆಯೇ ಹಾಡುತ್ತದೆ, ಮಂದಿ ಸುಮ್ಮನೆ ಕೂತಿರುತ್ತಾರೆ. ಸಿಂದಗಿಯ ಪಡ್ಡೆ ಹುಡುಗರು ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಬಸ್ ಹತ್ತುತ್ತಿದ್ದರು. ಅವರ ಜೊತೆ ನಂದು ದಿನಾ ತಕರಾರು. ಡಬ್ಬಿಯೊಳಗಿನವರು ತಪ್ಪು ಹಾಡಿದರೆ ಎದ್ದು ನಿಂತು ಕೇಳುವುದು ಹೇಗೆ? ಕೇಳುವ ಹಕ್ಕಿಲ್ಲದ ಹಾಡು ಎಂಥ ಹಾಡು?

ಪಟ್ಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು ಒಂದೇ: ಮೋರಟಗಿ, ನಾಲತವಾಡದ ಪೀರಬಿಯ ಮೇಳ ಮತ್ತು ಅಗರಖೇಡದ ಸಿದ್ದರಾಯನ ಮೇಳ, ಎದುರಾಬದುರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೀಗೀ ಹಾಡಿನಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಅನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಒಬ್ಬರು ಹಾಡಿನಲ್ಲೇ ಪ್ರಶ್ನೆ ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಸಿದ್ದರಾಯ ಹರದೇಶಿ, ಪೀರಬಿಯಕ್ಕ ನಾಗೇಶಿ. ಹೋದ ವರ್ಷ ಒಂದೂರಲ್ಲಿ ರಾತ್ರಿ ಹಾಡಕಿಯಲ್ಲಿ ಕತ್ತಲೊಳಗೆ ಕಲ್ಲು ಹಾರಾಡಿದ್ದರಿಂದ ಮೋರಟಗಿ ಹಿರಿಯರು ಈ ಸಲ ಹಗಲು ಹೊತ್ತಿನಲ್ಲೇ ನಡೆಸುವುದಾಗಿ ಹೇಳಿದ್ದರು. ಕರಾರು ಮಾತ್ರ ಕಡಕ್ ಇತ್ತು. ಕಡೇ ಪ್ರಶ್ನೆ ಈ ಸಲ ಪೀರಬಿಯಕ್ಕನ ಪಾಳಿ. ಸಿದ್ದರಾಯ ಉತ್ತರ ಕೊಡದಿದ್ದರೆ ಅವನು ಸೋತ. ಉತ್ತರ ಕೊಟ್ಟು, ಅದರ ಮೇಲೆ ಆಕೆಗೆ ಹಾಡಲು ಮಾತು ಉಳಿಯದಿದ್ದರೆ ಆಕೆ ಸೋತಳು. ಸೋತ ಮೇಳ ಆ ಬೇಸಿಗೆ ಮುಗಿಯುವವರೆಗೆ ಬಾರಿಸುವ ದಪ್ಪನ್ನು ಕಟ್ಟಿಡಬೇಕು, ಎಲ್ಲೂ ಹಾಡುವಂತಿಲ್ಲ.

ಪೀರಬಿಯಕ್ಕನಿಗೆ ಆಗ ನಲವತ್ತೈದು ದಾಟಿತ್ತು. ತೆಳ್ಳಗಿನ ಹೆಂಗಸು. ಮಾತಾಡುವಾಗ ದನಿ ಪಕ್ಕದ ಮನೆಗೂ ಕೇಳದು. ಎಡಗೈಯಲ್ಲಿ ದಪ್ಪು ಹಿಡಿದು ಎದ್ದು ನಿಂತಳೆಂದರೆ ಮಾತ್ರ ಊರ ಹೊರಗಿನ ನಾಯಿಗಳೂ ಬೊಗಳುವುದು ಬಿಡುತ್ತಿದ್ದವು. ಆಕೆಯ ಹಿಂದೆ ತುಂತುಣಿ ಮೀಟುತ್ತ ಜೀ ಜೀ ಅನ್ನುವವಳು ಹುಲಿಗೆವ್ವ, ಇಪ್ಪತ್ತು ವರ್ಷದ ಜೊತೆಗಾರ್ತಿ. ವಸ್ತಿಯ ಸಂಜೆಗಳಲ್ಲಿ ನಾನು ಮುಖ ತೊಳೆದು ಸೀದಾ ಅವರ ಕಟ್ಟೆಗೆ ಹೋಗಿ ಕೂಡುತ್ತಿದ್ದೆ. ಆಕೆ ಹೊಸ ಹಾಡು ಕಟ್ಟುವಾಗ ಕೂತು ಕೇಳಲು ಬಿಟ್ಟುಕೊಂಡಿದ್ದ ಹೊರಗಿನವನು ನಾನೊಬ್ಬನೇ. ಈ ಮಾತು ಹೇಳಿಕೊಳ್ಳುವಾಗ ಆಗೆಲ್ಲ ನನ್ನ ಎದೆ ಎರಡು ಗೇಣು ಉಬ್ಬುತ್ತಿತ್ತು.

ಮೋರಟಗಿಯ ಹಾಡಕಿಗೆ ಏಳು ದಿನ ಇರುವಾಗ ಆಕೆ ಕಡೇ ಪ್ರಶ್ನೆ ಕಟ್ಟಿ ಮುಗಿಸಿದಳು. ದಪ್ಪು ಬಾರಿಸದೆ, ಬೆರಳಿಂದ ನೆಲಕ್ಕೆ ತಾಳ ಹಾಕಿ, ಸಣ್ಣ ದನಿಯಲ್ಲಿ ಹೇಳಿದಳು:

ಭೂಮಿ ಹುಟ್ಟೂ ಮೊದಲ ಹುಟ್ಟಿದೆನಂತೀದಿ
ಹಮ್ಮೀಲೆ ಮೀಸಿ ತಿರುವತೀದಿ
ಮಣ್ಣ ಇರದಂಥ ಕಾಲಕ ಗಂಡಸ
ಹೊಕ್ಕಳಬಳ್ಳಿ ಎಲ್ಲಿ ಹುಗದೀದಿ?

ನಮ್ಮ ಕಡೆ ಕೂಸಿನ ಹೊಕ್ಕಳಬಳ್ಳಿ ಹುಗಿಯದ ಮನೆ ಇಲ್ಲ. ಭೂಮಿಯೇ ಇರದಿದ್ದರೆ ಎಲ್ಲಿ ಹುಗಿಯಬೇಕು? ನಾನು ತೊಡೆ ತಟ್ಟಿದೆ. ಆಕೆ ಕೈ ಎತ್ತಿ ತಡೆದಳು. "ತಡಿ ತಮ್ಮಾ, ಇದು ಬರೇ ಬಾಗಲಾ. ಸಿದ್ದರಾಯ ಶಾಣ್ಯಾ ಅದಾನ. ಗಾಳ್ಯಾಗ ತೂರಿದ್ವಿ ಅಂತಾನ, ನೀರಾಗ ಬಿಟ್ವಿ ಅಂತಾನ. ಅನ್ನಲಿ. ಆಮ್ಯಾಗ ಐತಿ ಮಜಾ." ಎಂದು ಮುಂದಿನ ನುಡಿ ಹೇಳಿದಳು:

ಎಲ್ಲೇ ಹುಗದರೂ ಒಂದೇ ಮಾತ
ಬಳ್ಳಿ ಇತ್ತಂದರ ಬೇರಿತ್ತ
ಹಡದವ್ವ ಇದ್ದಳು ನಿನಗಿಂತ ಮೊದಲ
ಒಂಬತ್ತ ತಿಂಗಳ ನಿನ್ನ ಹೊತ್ತ

ನನಗೆ ಮೈ ಜುಮ್ಮೆಂದಿತು. ಅವನು ಯಾವ ಜಾಗ ಹೇಳಿದರೂ ಸಿಕ್ಕಿಬೀಳುತ್ತಾನೆ. ಬಳ್ಳಿ ಇತ್ತು ಅಂದ ಕೂಡಲೇ ತಾಯಿ ಇದ್ದಳು ಅಂತ ಒಪ್ಪಿದ ಹಾಗೆ. "ಈ ಎರಡನೇ ನುಡಿ ಈ ಹೊಸ್ತಿಲಾ ದಾಟಬಾರ್ದು ನೋಡ" ಎಂದಳು ಪೀರಬಿಯಕ್ಕ. "ಬಾಯಿ ಹೊಲಕೊಂಡೇನಿ ಅಕ್ಕಾ" ಎಂದೆ ನಾನು.

ಎರಡು ದಿನ ಹೊಲಿಗೆ ತಡೆಯಿತು.

ಮೂರನೇ ದಿನ ಇಂಡಿಯಲ್ಲಿ ಒಬ್ಬ ಮುದುಕ ಬಸ್ ಹತ್ತಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಡುವಿನ ಒಂದು ಹಳ್ಳಿಗೆ ಟಿಕೀಟು ತೆಗೆಸಿದ. ನಾನು ಎಂದಿನಂತೆ ಗುನುಗುತ್ತ ಟಿಕೀಟು ಹರಿಯುತ್ತಿದ್ದೆ. ಮುದುಕ ಕೋಲಿನಿಂದ ಬಸ್ಸಿನ ನೆಲಕ್ಕೆ ತಾಳ ಹಾಕತೊಡಗಿದ. ಒಂದು ಪೆಟ್ಟೂ ತಪ್ಪಲಿಲ್ಲ. ಹಾಡು ಬಲ್ಲವನು ಸಿಕ್ಕರೆ ನನಗೆ ಊಟ ಬೇಡ. ಮಂದಿಗೆಲ್ಲ ಟಿಕೀಟು ಕೊಟ್ಟು ಹೋಗಿ ಅವನ ಪಕ್ಕ ಕೂತೆ. ಅವನು ಇಳಿಯಬೇಕಾದ ಹಳ್ಳಿ ಬಂತು, ಅವನು ಇಳಿಯಲಿಲ್ಲ. "ಮಾತು ಭಾಳ ರುಚಿ ಹತ್ತೇತಿ, ಸಿಂದಗಿ ಮಟಾ ಟಿಕೀಟ ಕೊಡ್ರಿ" ಎಂದ. ಇಂಥ ರಸಿಕ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಅಂದುಕೊಂಡೆ.

"ಮೋರಟಗಿಗೆ ಪೀರಬಿ ಏನ್ ತರ್ತಾಳೋ ಏನೋ. ಆಕೀದು ಈಗ ಮೊದಲಿನ ಕಸುವಿಲ್ಲ ಅಂತಾರ" ಎಂದ ಮುದುಕ.

ನನ್ನ ಮೂಗಿನ ತುದಿಗೇ ಸಿಟ್ಟು. "ಯಾರ್ರಿ ಅಂದವರು?" ಎಂದು ಮೊದಲ ನುಡಿ ಹಾಡಿಯೇ ಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿ ತಲೆದೂಗಿದರು. ಮುದುಕ ಮಾತ್ರ ಎಲೆಯಡಿಕೆ ಅಗಿಯುತ್ತ, "ಚಲೋ ಐತಿ. ಆದ್ರ ಇದಕ್ಕೇನ್ ದೊಡ್ಡ ಉತ್ತರ ಬೇಕು? ಆಕಾಶಕ್ಕ ತೂರಿದ್ವಿ, ಅದಽ ಚಂದ್ರ ಆತು ಅಂದ್ರ ಮುಗೀತು. ಸಣ್ಣ ಹುಡುಗರೂ ಹೇಳ್ತಾವ" ಎಂದ.

ಅಲ್ಲಿ ಸುಮ್ಮನಿದ್ದಿದ್ದರೆ ನಾನು ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಸುಮ್ಮನಿರಲಿಲ್ಲ. ನನ್ನ ಪೀರಬಿಯಕ್ಕನ ಪ್ರಶ್ನೆಯನ್ನು ಸಣ್ಣ ಹುಡುಗರ ಪ್ರಶ್ನೆ ಅನ್ನುತ್ತಾನಲ್ಲ ಈ ಮುದುಕ! "ಮುಗೀತೇನು? ಕೇಳ್ರಿ ಇಲ್ಲೆ" ಎಂದು ಎರಡನೇ ನುಡಿಯನ್ನೂ ಹಾಡಿದೆ. ಬರೀ ಹಾಡಲಿಲ್ಲ, ಬಳ್ಳಿ ಅಂದರೇನು, ಬೇರು ಅಂದರೇನು, ಯಾವ ಉತ್ತರ ಕೊಟ್ಟರೂ ಹೇಗೆ ಸಿಕ್ಕಿಬೀಳಬೇಕು ಅಂತ ಬಿಡಿಸಿ ಹೇಳಿದೆ. ಮುದುಕ ಕಿಟಕಿಯಾಚೆ ಎಲೆಯಡಿಕೆ ಉಗುಳಿದ. ಆಮೇಲೆ "ಶಾಬ್ಬಾಸ್" ಎಂದ. ನನಗೆ ಗೆದ್ದ ಖುಷಿ.

ಸಿಂದಗಿಯಲ್ಲಿ ಚಹಾ ಕುಡಿದು ಬಸ್ಸಿಗೆ ಬಂದಾಗ ಡ್ರೈವರ್ ಬಂದಗಿಸಾಬ ಸ್ಟೇರಿಂಗಿಗೆ ಒರಗಿ ಕೂತಿದ್ದ. ನನಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ. "ಗುರುಲಿಂಗಪ್ಪ, ಆ ಮುದುಕ ನಿನಗೇನ್ ಬೇಕು?" ಎಂದ.

"ಏನೂ ಬೇಕಿಲ್ಲರಿ. ಹಾಡಿನ ಹುಚ್ಚಿನಾಂವ."

"ಹುಚ್ಚನಽ ಖರೆ. ಸಿಂದಗಿಗೆ ಬಂದು ಗುಟುಕು ನೀರು ಸೈತ ಕುಡೀಲಿಲ್ಲ, ತಿರುಗಿ ಇಂಡಿ ಬಸ್ ಹತ್ತಿ ಹೋದ. ಅಮೋಘಸಿದ್ಧ ಅಂತ. ಅಗರಖೇಡದಾಂವ. ಸಿದ್ದರಾಯಗ ಹಾಡು ಬರದು ಕೊಡೋ ಸೋದರಮಾವ."

ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಸೀಟಿ ಊದಿದೆ, ಬಸ್ ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗೇವಾಡಿಯಲ್ಲಿ ಯಾರು ಹತ್ತಿದರು, ಮುದ್ದೇಬಿಹಾಳದಲ್ಲಿ ಯಾರು ಇಳಿದರು, ನನಗೆ ನೆನಪಿಲ್ಲ. ಒಬ್ಬ ಹೆಂಗಸಿಗೆ ಎರಡು ಸಲ ಟಿಕೀಟು ಹರಿದು ಆಕೆಯ ಬಾಯಿಂದ ಚಂದಾಗಿ ಬೈಸಿಕೊಂಡೆ. ಇವತ್ತೇ ಹೇಳಿಬಿಡಬೇಕು, ಕಾಲಿಗೆ ಬೀಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತ ಹೋದೆ.

ನಾಲತವಾಡದ ಕಟ್ಟೆಯ ಮೇಲೆ ಪೀರಬಿಯಕ್ಕ ನನ್ನನ್ನೇ ಕಾಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ತಮ್ಮಾ, ಮೋರಟಗಿಗೆ ನಮ್ಮ ಕಡಿ ಪಂಚ ನೀನಽ" ಎಂದಳು.

ಇದು ನಮ್ಮ ಕಡೆಯ ರಿವಾಜು. ಎರಡೂ ಮೇಳದವರು ಒಬ್ಬೊಬ್ಬ ಬಲ್ಲ ಕೇಳುಗನನ್ನು ಪಂಚ ಅಂತ ಕೂಡಿಸುತ್ತಾರೆ, ಊರ ಗೌಡರು ಮೂರನೆಯವರು. ಉತ್ತರ ಬಂತೋ ಇಲ್ಲವೋ ಅಂತ ಆ ಮೂವರು ಹೇಳಬೇಕು. ಪಂಚನಾದವನು ತನ್ನ ಮೇಳದ ಪರ ಸುಳ್ಳು ಹೇಳಿದ ಅಂದರೆ ಮುಂದೆ ಅವನನ್ನು ಯಾವ ಊರಿನ ಹಾಡಕಿಯಲ್ಲೂ ಕೂಡಗೊಡುವುದಿಲ್ಲ. ಹಾಡುವವರಿಗೆ ದಪ್ಪು ಹೇಗೋ ಕೇಳುವವರಿಗೆ ಪಂಚನ ಜಾಗ ಹಾಗೆ. ಹದಿನೈದು ವರ್ಷದಿಂದ ನಾನು ಬಾಯಿಬಿಟ್ಟು ಕೇಳದೆ ಬಯಸಿದ್ದು ಇದೊಂದನ್ನೇ. "ನಿನಗಿಂತ ಚಲೋ ಕಿವಿ ನನಗ ಎಲ್ಲಿ ಸಿಗಬೇಕು?" ಎಂದಳು ಆಕೆ. ನಾನು ಹೇಳಲಿಲ್ಲ. ಮುಂದಿನ ವಸ್ತಿಗೆ ಹೇಳಿದರಾಯಿತು ಅಂದುಕೊಂಡೆ.

ಮುಂದಿನ ವಸ್ತಿಯಲ್ಲಿ ಹುಲಿಗೆವ್ವ ಶೇಂಗಾದ ಹೋಳಿಗೆ ಮಾಡಿದ್ದಳು. ತಿಂದೆ. ನಾಚಿಕೆ ಇಲ್ಲದೆ ಎರಡು ತಿಂದೆ. ಮುದುಕನಿಗೆ ಎಲ್ಲಿ ನೆನಪಿರುತ್ತದೆ, ಒಂದೇ ಸಲ ಕೇಳಿದ್ದಲ್ಲವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನಾದರೆ ಒಂದೇ ಸಲಕ್ಕೆ ನೆನಪಿಡುತ್ತೇನೆ, ಅವನೂ ನನ್ನ ಜಾತಿಯವನೇ ಅನ್ನುವುದು ಗೊತ್ತಿದ್ದೂ. ಇನ್ನೊಂದು ಹೆದರಿಕೆಯೂ ಇತ್ತು. ಹೇಳಿದರೆ ಆ ಹಾಡು ಹೋಯಿತು. ಅಂಥ ಹಾಡು ಮತ್ತೆ ಎಲ್ಲಿಂದ ಬರಬೇಕು? ಉಳಿದ ದಿನದಲ್ಲಿ ಇನ್ನೊಂದು ಕಟ್ಟಲಾಗದೆ ಆಕೆ ಬರಿಗೈಯಲ್ಲಿ ಮೋರಟಗಿಯಲ್ಲಿ ನಿಲ್ಲುವುದನ್ನು ನೆನೆಸಿಕೊಳ್ಳಲೂ ನನ್ನಿಂದ ಆಗಲಿಲ್ಲ. ಆಕೆಯ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಅಂತ ನಂಬಿದೆ. ಮರುದಿನ ಇಂಡಿಗೆ ವಾಪಸ್ ಬಂದೆ. ಹಾಡಕಿಯ ಹಿಂದಿನ ಸಂಜೆ ನಾಲತವಾಡ ಮುಟ್ಟಿದಾಗ ಕಟ್ಟೆಯ ಕಡೆ ಹೋಗದೆ ಬಸ್ಸಿನಲ್ಲೇ ಮಲಗಿದೆ.

ಹಾಡಕಿಯ ದಿನ ನಾಲತವಾಡದಿಂದ ಮೋರಟಗಿಗೆ ಒಂದು ಹೆಚ್ಚಿನ ಬಸ್ ಬಿಟ್ಟಿದ್ದರು. ಡ್ಯೂಟಿ ಬೇಡಿ ಹಾಕಿಸಿಕೊಂಡಿದ್ದೆ, ಬಂದಗಿಸಾಬನೇ ಡ್ರೈವರ್. ಒಳಗೆ ಎಪ್ಪತ್ತು ಮಂದಿ, ಟಾಪಿನ ಮೇಲೆ ಇನ್ನಷ್ಟು. ಎಲ್ಲರ ಬಾಯಲ್ಲೂ ಒಂದೇ ಮಾತು, ಸಿದ್ದರಾಯ ಹೆಚ್ಚೋ ಪೀರಬಿ ಹೆಚ್ಚೋ. ದಾರಿಯಲ್ಲಿ ಚಕ್ಕಡಿಗಳ ಸಾಲು. ಬಾಗೇವಾಡಿಯವರು, ಇಂಡಿಯವರು, ಬುತ್ತಿ ಕಟ್ಟಿಕೊಂಡು ಸೈಕಲ್ ಮೇಲೆ ಬಂದವರು. ಟ್ರಾನ್ಸಿಸ್ಟರ್ ಹುಡುಗರೂ ಬಂದಿದ್ದರು, ಡಬ್ಬಿ ಬಂದ್ ಮಾಡಿ ಮುಂದಿನ ಸಾಲು ಹಿಡಿದಿದ್ದರು. ಬೇರೆ ದಿನವಾಗಿದ್ದರೆ ಅವರನ್ನು ಕಂಡು ನಾನು ಕುಣಿಯುತ್ತಿದ್ದೆ. ದೊಡ್ಡ ಆಲದ ಮರದ ಕೆಳಗೆ ಜನವೋ ಜನ, ಕಾಲಿಡಲು ಜಾಗವಿಲ್ಲ. ನನ್ನನ್ನು ಕಂಬಳಿ ಹಾಸಿದ ಕಟ್ಟೆಯ ಮೇಲೆ ಗೌಡರ ಪಕ್ಕ ಕೂಡಿಸಿದರು. ಆ ಕಡೆ ಸಿದ್ದರಾಯನ ಪಂಚ. ಸಿದ್ದರಾಯನ ಹಿಂದೆ ಕಂಬಳಿ ಹೊದ್ದ ಅಮೋಘಸಿದ್ಧ. ಅವನು ನನಗೆ ಕೈಮುಗಿದ. ನಾನು ನೋಡದ ಹಾಗೆ ಮಾಡಿದೆ.

ಮಧ್ಯಾಹ್ನದವರೆಗೆ ಹಾಡಕಿ ಎಷ್ಟು ರಂಗೇರಿತೆಂದರೆ ನಾನೂ ಒಂದಿಷ್ಟು ಹೊತ್ತು ನನ್ನ ಪಾಪ ಮರೆತೆ. ಸಿದ್ದರಾಯ ಹಾಕಿದ ಎರಡೂ ಪ್ರಶ್ನೆಗೆ ಪೀರಬಿಯಕ್ಕ ಸಲೀಸಾಗಿ ಉತ್ತರ ಕೊಟ್ಟಳು, ಮೇಲೆ ಅವನ ಮೀಸೆಯನ್ನೂ ಚೇಷ್ಟೆ ಮಾಡಿದಳು. ಮಂದಿ ನಕ್ಕು ನಕ್ಕು ಬಿದ್ದರು. ಹೊತ್ತು ಇಳಿದಾಗ ಗೌಡರು "ಇನ್ನ ಕಡೇ ಪ್ರಶ್ನಿ" ಎಂದರು. ಪೀರಬಿಯಕ್ಕ ನನ್ನ ಕಡೆ ಒಮ್ಮೆ ನೋಡಿ ನಕ್ಕು, ದಪ್ಪು ಎತ್ತಿದಳು. ಹೊಕ್ಕಳಬಳ್ಳಿಯ ಪ್ರಶ್ನೆ ಆಲದ ಮರದ ಕೆಳಗೆ ಮೊದಲ ಸಲ ಪೂರ್ತಿ ದನಿಯಲ್ಲಿ ಕೇಳಿಸಿತು. ಜನ ಹೋ ಎಂದರು. ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು. ಗೌಡರ ಆಳು ಊದಿನಕಡ್ಡಿ ಹಚ್ಚಿಟ್ಟ. ಅದು ಆರುವುದರೊಳಗೆ ಸಿದ್ದರಾಯ ಉತ್ತರ ಕೊಡಬೇಕು.

ಸಿದ್ದರಾಯ ಕಡ್ಡಿಯ ಕಡೆ ನೋಡಲೂ ಇಲ್ಲ. ನಿಂತಲ್ಲೇ ಎತ್ತಿಕೊಂಡ:

ಹೊಕ್ಕಳೇ ಇಲ್ಲದವ ಹರದೇಶಿ ಮೂಲದವ
ತನ್ನಿಂದ ತಾನಾಗಿ ಮೂಡಿದವ
ಬಳ್ಳಿಯ ಮಾತ್ಯಾಕ ಬೇರಿನ ಮಾತ್ಯಾಕ
ಹಡದವ್ವನ ಹೆಸರ್ಯಾಕ ಪೀರವ್ವ?

ಹೊಕ್ಕಳೇ ಇರಲಿಲ್ಲ ಅಂದ ಮೇಲೆ ಬಳ್ಳಿ ಇಲ್ಲ, ಬೇರಿಲ್ಲ, ತಾಯಿಯೂ ಇಲ್ಲ. ಬಾಗಿಲೂ ಬಂದ್, ಒಳಗಿನ ಮನೆಯೂ ಬಂದ್. ಜನ ಮೊದಲಿಗಿಂತ ಜೋರಾಗಿ ಕೂಗಿದರು. ಆದರೆ ಬೇರಿನ ಮಾತು, ಹಡೆದವ್ವನ ಮಾತು ಪೀರಬಿಯಕ್ಕ ಇನ್ನೂ ಹಾಡಿಯೇ ಇರಲಿಲ್ಲವಲ್ಲ. ಇದು ಆ ಗದ್ದಲದಲ್ಲಿ ಹೊಳೆದದ್ದು ನಮ್ಮ ಕಡೆಯ ಮೂವರಿಗೆ ಮಾತ್ರ. ಹುಲಿಗೆವ್ವನ ತುಂತುಣಿ ನಿಂತಿತು. ಪೀರಬಿಯಕ್ಕ ಸಿದ್ದರಾಯನನ್ನು ನೋಡಲಿಲ್ಲ, ಮುದುಕನನ್ನೂ ನೋಡಲಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಆಕೆಯ ಪಾಳಿಗೆ ಹೊಸ ಕಡ್ಡಿ ಹಚ್ಚಿದರು. ಹೊಸ ಪ್ರಶ್ನೆ ಹಾಕುವಂತಿಲ್ಲ, ಅದೇ ಉತ್ತರವನ್ನು ಮುರಿದು ಹಾಡಬೇಕು. ಅದು ಉರಿದು ಬೂದಿ ಬಿತ್ತು. ಆಕೆ ಬಾಯಿ ತೆರೆಯಲಿಲ್ಲ.

ಸಿದ್ದರಾಯನ ಪಂಚ "ಉತ್ತರ ಬಂತ್ರಿ" ಎಂದ. ಗೌಡರು ನನ್ನ ಕಡೆ ತಿರುಗಿದರು. "ನಿಮ್ಮ ಮಾತೇನ್ರಿ ಕಂಡಕ್ಟರ್?"

ಎದ್ದು ನಿಂತೆ. "ಉತ್ತರ ಬಂತ್ರಿ" ಎಂದೆ. ಆಮೇಲೆ ಎಲ್ಲ ಹೇಳಿದೆ. ಬಸ್ಸಿನಲ್ಲಿ ಹಾಡಿದ್ದು, ಮುದುಕನ ಮುಂದೆ ಬಿಡಿಸಿ ಹೇಳಿದ್ದು, ಎರಡು ವಸ್ತಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದು. "ತಪ್ಪು ನಂದು, ಆಕೀಗೆ ಇನ್ನೊಂದು ಪ್ರಶ್ನಿ ಹಾಕಾಕ ಬಿಡ್ರಿ" ಅಂತ ಕೈಮುಗಿದೆ. ಬೈಗುಳ ನಾಲ್ಕೂ ಕಡೆಯಿಂದ ಬಂದವು. ಅಮೋಘಸಿದ್ಧ ಕೂತಲ್ಲಿಂದಲೇ, "ಕೇಳಿದ್ದು ಖರೆ. ರೊಕ್ಕ ಕೊಟ್ಟು ಟಿಕೀಟ ತಗದು ಕೂತಿದ್ನಿ. ಬಸ್ಸಿನ್ಯಾಗ ಹಾಡಿದ್ದನ್ನ ಕಿವಿ ಮುಚ್ಚಿಕೊಂಡು ಕೇಳಬೇಕಿತ್ತೇನು?" ಎಂದ. ಗೌಡರು ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಮನಿ ಬಾಗಲಾ ತಗದಿಟ್ಟು ಕಳ್ಳನ್ನ ಬೈದ್ರ ಏನ್ ಬಂತು? ಕರಾರು ಕರಾರಽ" ಎಂದರು. ಪೀರಬಿಯಕ್ಕ ದಪ್ಪನ್ನು ಸೀರೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕಿದಳು.

ಸಂಜೆ ಅದೇ ಬಸ್ಸಿನಲ್ಲಿ ವಾಪಸ್. ಬೆಳಿಗ್ಗೆ ಗದ್ದಲ ಮಾಡುತ್ತ ಬಂದ ಮಂದಿ ಈಗ ಸತ್ತವರ ಮನೆಗೆ ಹೋಗಿ ಬಂದವರ ಹಾಗೆ ಕೂತಿದ್ದರು. ಡ್ರೈವರ್ ಹಿಂದಿನ ನನ್ನ ಸೀಟಿನ ಎದುರಿಗೇ ಪೀರಬಿಯಕ್ಕ, ಹುಲಿಗೆವ್ವ. ಸಿಂದಗಿ ದಾಟಿದ ಮೇಲೆ ನಾನು ತಡೆಯಲಾರದೆ, "ಅಕ್ಕಾ, ಬೈಯರ ಬೈಯಬೇ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಹಾಡಿದ್ದಕ್ಕ ನನಗ ಸಿಟ್ಟಿಲ್ಲ" ಎಂದಳು ಪೀರಬಿಯಕ್ಕ, ಎಂದಿನ ಸಣ್ಣ ದನಿಯಲ್ಲಿ. "ಹಾಡಿನ ಹುಚ್ಚಿನಾಂವ, ಬಾಯಿ ತಡೀಲಿಲ್ಲ. ಆಮ್ಯಾಗ ಐದು ದಿನ ಇದ್ದುವಲ್ಲ? ಎರಡು ಸಲ ನನ್ನ ಕಟ್ಟಿ ಮ್ಯಾಲೆ ಕೂತಿ. ಯಾಕ ಹೇಳಲಿಲ್ಲ?"

"ಅಂಥಾ ಹಾಡು ಮತ್ತ ಎಲ್ಲಿ ಬರ್ತದ ಅಂತ ಹೆದರಿದ್ನಿ ಅಕ್ಕಾ."

ಆಕೆ ನನ್ನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಎಲ್ಲಿ ಬರ್ತದ? ಅದೇನ್ ಬಾವ್ಯಾಗ ಸಿಕ್ಕಿತ್ತೇನು ನನಗ? ನಾ ಕಟ್ಟಿದ್ನಿ. ಅಂದಽ ಹೇಳಿದ್ರ ನೀ ಊಟಾ ಮಾಡಿ ಏಳೂದ್ರಾಗ ಇನ್ನೊಂದು ಕಟ್ಟತಿದ್ನಿ. ಹದಿನೈದು ವರ್ಷ ಕೇಳಿದಿ ತಮ್ಮಾ. ನಿನಗ ಹಾಡು ಬೇಕಾಗಿತ್ತು. ನನ್ನ ಮ್ಯಾಲೆ ಭರೋಸಾ ಇರಲಿಲ್ಲ."

ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಯಾಕೆಂದರೆ ಅದು ಖರೆ ಮಾತು.

ಸ್ವಲ್ಪ ದೂರ ಹೋದ ಮೇಲೆ ಆಕೆಯ ಬೆರಳುಗಳು ಸೀಟಿನ ಕಬ್ಬಿಣದ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದವು. ತುಟಿ ಅಲುಗಿದವು. ಎರಡು ಸಲ ನಿಲ್ಲಿಸಿದಳು, ತಲೆಯಾಡಿಸಿದಳು, ಮತ್ತೆ ಮೊದಲಿನಿಂದ ಹಿಡಿದಳು. ಬಾಗೇವಾಡಿಯ ದೀಪ ಕಾಣುವ ಮೊದಲೇ ಹೊಸ ಪ್ರಶ್ನೆ ಕಟ್ಟಿ ಮುಗಿಸಿದ್ದಳು, ಅದು ಆಕೆಯ ಮುಖದಲ್ಲೇ ಗೊತ್ತಾಗುತ್ತಿತ್ತು. ಹುಲಿಗೆವ್ವನ ಕಡೆ ಬಾಗಿ ಹೇಳಲು ಹೊರಟವಳು ತಡೆದು ನನ್ನ ಕಡೆ ನೋಡಿದಳು. ಕಾದಳು ಅಷ್ಟೇ.

ಎರಡು ಹರದಾರಿ ನಡೆದು ಹೋಗಿ ಆಕೆಯ ಹಾಡು ಕೇಳಿದವನು ನಾನು. ಎದ್ದೆ. ಮಂದಿಯನ್ನು ಸರಿಸಿಕೊಂಡು ಹಿಂದಿನ ಬಾಗಿಲ ತನಕ ಹೋದೆ. ಅಲ್ಲಿ ಇಂಜಿನ್ನಿನ ಮತ್ತು ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ತಿರುಗಿ ನೋಡಿದಾಗ ಪೀರಬಿಯಕ್ಕ ಹುಲಿಗೆವ್ವನ ಕಿವಿಯಲ್ಲಿ ಹಾಡುತ್ತಿದ್ದಳು, ಹುಲಿಗೆವ್ವ ತೊಡೆ ತಟ್ಟುತ್ತಿದ್ದಳು. ನಾಲತವಾಡ ಬರುವವರೆಗೆ ನಾನು ಅಲ್ಲೇ ನಿಂತಿದ್ದೆ.